ಕರ್ಣಾಟದಿಂದ ರಾಢಕ್ಕೆ: ಸೇನವಂಶದ ಹಿರಿಯ ಸಾಮಂತಸೇನ

ಬಂಗಾಳವನ್ನು ಆಳಿದ ಸೇನ ಅರಸರು ಕರ್ಣಾಟ ಮೂಲದವರೆಂಬುದು ಚರಿತ್ರೆಯ ವಿದ್ಯಾರ್ಥಿಗಳೆಲ್ಲ ಬಲ್ಲ ಸಂಗತಿ. ಕನ್ನಡನಾಡಿನ ಹಿರಿಮೆಯನ್ನು ಹೇಳುವ ಬರಹಗಳಲ್ಲಿ ಈ ಮಾತು ಒಂದು ವಾಕ್ಯವಾಗಿ ಬಂದು ಹೋಗುತ್ತದೆ. ಅಭಿಮಾನವನ್ನು ಉಕ್ಕಿಸುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ತುಂಗಭದ್ರೆಯ ಸೀಮೆಗೂ ಗಂಗೆಯ ದಡಕ್ಕೂ ನಡುವೆ ಇರುವ ದೂರವನ್ನು ಆ ಕುಲದ ಹಿರಿಯನೊಬ್ಬ ಹೇಗೆ ಕ್ರಮಿಸಿದ, ಅರಸನಾಗಿ ಹೋದನೋ ಆಳಾಗಿ ಹೋದನೋ, ಹೋದಲ್ಲಿ ಹೇಗೆ ನೆಲೆಯೂರಿದ ಎಂಬ ಪ್ರಶ್ನೆಗಳು ಆ ಒಂದು ವಾಕ್ಯದಲ್ಲಿ ಅಡಗಿಹೋಗಿವೆ. ಆ ಹಿರಿಯನ ಹೆಸರು ಸಾಮಂತಸೇನ. ಬಂಗಾಳದ ಪ್ರಬಲ ದೊರೆ ವಿಜಯಸೇನನಿಗೆ ಅವನು ಅಜ್ಜ, ಧರ್ಮಶಾಸ್ತ್ರ ಗ್ರಂಥವಾದ ‘ದಾನಸಾಗರ’ವನ್ನು ರಚಿಸಿದ ಬಲ್ಲಾಳಸೇನನಿಗೆ ಮುತ್ತಜ್ಜ, ಕವಿ ಜಯದೇವನ ಹೆಸರಿನೊಡನೆ ಸೇರಿಕೊಂಡಿರುವ ಲಕ್ಷ್ಮಣಸೇನನಿಗೆ ಮುತ್ತಜ್ಜನ ತಂದೆ.

ಸಾಮಂತಸೇನ ಸ್ವತಃ ಹೊರಡಿಸಿದ ಶಾಸನ ಒಂದೂ ದೊರೆತಿಲ್ಲ. ಅವನ ಬಗೆಗೆ ತಿಳಿಯುವುದೆಲ್ಲ ಮೊಮ್ಮಗನ ಮತ್ತು ಅನಂತರದವರ ಶಾಸನಗಳಿಂದ. ಅವುಗಳಲ್ಲಿ ಮುಖ್ಯವಾದುದು ದೇವಪಾಡಾ ಪ್ರಶಸ್ತಿ. ಇಂದಿನ ಬಾಂಗ್ಲಾದೇಶದ ರಾಜಶಾಹಿ ಪ್ರಾಂತದ ದೇವಪಾಡಾ ಗ್ರಾಮದಲ್ಲಿ 1865ರಲ್ಲಿ ಮೆಟ್‌ಕಾಫ್ ಎಂಬ ಅಧಿಕಾರಿಗೆ ಈ ಶಿಲಾಶಾಸನ ದೊರೆಯಿತು. ಮುಂದೆ ಕೀಲ್‌ಹಾರ್ನ್ ಅದನ್ನು ಪರಿಷ್ಕರಿಸಿ ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಶಾಸನದಲ್ಲಿ 36 ಸಂಸ್ಕೃತ ಪದ್ಯಗಳಿವೆ, ಕಾಲದ ಉಲ್ಲೇಖವಿಲ್ಲ. ವಿಜಯಸೇನ ಕಟ್ಟಿಸಿದ ಪ್ರದ್ಯುಮ್ನೇಶ್ವರ ದೇವಾಲಯ ಮತ್ತು ಅದರ ಬಳಿಯ ಕೆರೆಯ ಸಲುವಾಗಿ ರಚಿತವಾದ ಈ ಪ್ರಶಸ್ತಿಯ ಕವಿ ಉಮಾಪತಿಧರ. ಜಯದೇವ ತನ್ನ ‘ಗೀತಗೋವಿಂದ’ದಲ್ಲಿ ಹೆಸರಿಸಿರುವ ಕವಿಗಳಲ್ಲಿ ಇವನೂ ಒಬ್ಬ.

ಪ್ರಶಸ್ತಿಯ ವಂಶವರ್ಣನೆ ರೂಢಿಯಂತೆ ಚಂದ್ರನಿಂದ ತೊಡಗುತ್ತದೆ. ಚಂದ್ರನ ಕುಲದಲ್ಲಿ ವೀರಸೇನನೇ ಮೊದಲಾದ ದಾಕ್ಷಿಣಾತ್ಯ ಅರಸರು ಹುಟ್ಟಿದರು. ಆ ಸೇನಾನ್ವಯದಲ್ಲಿ ಬ್ರಹ್ಮಕ್ಷತ್ರಿಯ ಕುಲಗಳಿಗೆ ಶಿರೋಮಾಲೆಯೆನಿಸಿದ ಸಾಮಂತಸೇನ ಜನಿಸಿದ. ಮುಂದೆ ಕವಿ ಅವನ ಬಾಳಿನ ಎರಡು ಚಿತ್ರಗಳನ್ನು ಬಿಡಿಸುತ್ತಾನೆ. ಮೊದಲನೆಯದು ಯುದ್ಧದ ಚಿತ್ರ. ಕರ್ಣಾಟದ ಸಂಪತ್ತನ್ನು ಸೂರೆಗೊಳ್ಳುತ್ತಿದ್ದ ದುರ್ವೃತ್ತರನ್ನು ಸಾಮಂತಸೇನ ಏಕಾಂಗಿಯಾಗಿ ತರಿದುಹಾಕಿದ. ರಣಭೂಮಿಯಲ್ಲಿ ಕೊಬ್ಬು ಮಾಂಸಗಳು ಎಷ್ಟು ಸಮೃದ್ಧವಾಗಿದ್ದವೆಂದರೆ ಪ್ರೇತಗಳ ಒಡೆಯ ತೆಂಕಣ ದಿಕ್ಕನ್ನು ಇಂದಿಗೂ ಬಿಟ್ಟು ಕದಲಿಲ್ಲ. ಸೇತುಬಂಧದ ಎಲ್ಲೆಯವರೆಗೂ ಅವನ ಕದನದ ಹಾಡುಗಳನ್ನು ಅಪ್ಸರೆಯರು ಹಾಡುತ್ತಾರೆ. ಎರಡನೆಯದು ಮುಪ್ಪಿನ ಚಿತ್ರ. ಗಂಗೆಯ ದಡದ ಕಾಡುಗಳಲ್ಲಿ ಪುಣ್ಯಾಶ್ರಮಗಳಿವೆ. ಅಲ್ಲಿ ತುಪ್ಪದ ಹೋಮಧೂಮ ಪರಿಮಳಿಸುತ್ತದೆ, ಜಿಂಕೆಯ ಮರಿಗಳು ಮುನಿಪತ್ನಿಯರ ಮೊಲೆವಾಲನ್ನು ಕುಡಿಯುತ್ತವೆ, ಗಿಳಿಗಳಿಗೂ ವೇದ ಪರಿಚಿತ. ಕಡೆಯ ವಯಸ್ಸಿನಲ್ಲಿ ಸಾಮಂತಸೇನ ಆ ತಾಣಗಳಲ್ಲಿ ಸಂಚರಿಸಿದ.

ತೆಂಕಣದಲ್ಲಿ ಕತ್ತಿ, ಬಡಗಣದಲ್ಲಿ ಆಶ್ರಮ. ಇಷ್ಟೇ ದೇವಪಾಡಾ ಪ್ರಶಸ್ತಿ ಕೊಡುವ ಜೀವನಚರಿತ್ರೆ. ಕರ್ಣಾಟದಲ್ಲಿ ಹೋರಾಡುತ್ತಿದ್ದ ಹರೆಯದ ಭಟ ಗಂಗೆಯ ದಡದಲ್ಲಿ ವೃದ್ಧನಾಗಿ ಕಾಣಿಸಿಕೊಳ್ಳುವವರೆಗಿನ ಕಾಲ ಪೂರ್ಣ ಬಿಟ್ಟುಹೋಗಿದೆ. ಪಯಣ, ಸೇವೆ, ನೆಲದ ಗಳಿಕೆ, ಸಂಸಾರದ ನೆಲೆ, ಯಾವುದರ ಪ್ರಸ್ತಾಪವೂ ಇಲ್ಲ. ಒಂದು ವಂಶದ ನಿಜವಾದ ಚರಿತ್ರೆ ನಡೆದಿರುವುದು ಆ ಬಿಟ್ಟುಹೋದ ಭಾಗದಲ್ಲಿಯೇ. ಅದನ್ನು ತಿಳಿಯಬೇಕಾದರೆ ಸೇನರ ಇತರ ತಾಮ್ರಶಾಸನಗಳನ್ನೂ ಅವರಿಗಿಂತ ಹಿಂದೆ ಬಂಗಾಳವನ್ನು ಆಳಿದ ಪಾಲರ ಶಾಸನಗಳನ್ನೂ ಕನ್ನಡನಾಡಿನ ಸಮಕಾಲೀನ ಶಾಸನಗಳನ್ನೂ ಒಟ್ಟಿಗಿಟ್ಟು ಓದಬೇಕಾಗುತ್ತದೆ.

ಮೊದಲು ಕಾಲದ ಪ್ರಶ್ನೆ. ಬಲ್ಲಾಳಸೇನನ ‘ದಾನಸಾಗರ’ ಶಕ 1091, ಅಂದರೆ 1169ರ ಕೃತಿ. ವಿಜಯಸೇನನ ಆಳ್ವಿಕೆ ಮುಖ್ಯವಾಗಿ 12ನೆಯ ಶತಮಾನದ ಮೊದಲರ್ಧಕ್ಕೆ ಸೇರಿದ್ದು. ಹೀಗೆ ಹಿಂದಕ್ಕೆ ಎಣಿಸಿದರೆ ಸಾಮಂತಸೇನನ ಯೌವನ 11ನೆಯ ಶತಮಾನದ ನಡುಗಾಲಕ್ಕೆ ಬರುತ್ತದೆ. ಕನ್ನಡನಾಡಿನಲ್ಲಿ ಅದು ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲ (1042-1068). ಚೋಳ ಚಾಲುಕ್ಯರ ಕಾಳಗಗಳು ಒಂದರ ಹಿಂದೊಂದು ನಡೆದ ದಿನಗಳವು. 1054ರ ಕೊಪ್ಪಂ ಕಾಳಗದಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಮಡಿದ. ಆ ದಾಳಿಗಳ ನೆನಪು ಜೈನ ಶಾಸನಗಳಲ್ಲಿ ಗಾಢವಾಗಿ ಉಳಿದಿದೆ. 1071-72ರ ಗಾವರವಾಡ ಮತ್ತು ಅಣ್ಣಿಗೇರಿಯ ಶಾಸನಗಳು ಬೆಳ್ವೊಲ ನಾಡಿಗೆ ನುಗ್ಗಿದ ಚೋಳನು ಗಂಗ ಪೆರ್ಮಾಡಿ ಮಾಡಿಸಿದ್ದ ಬಸದಿಗಳನ್ನು ಸುಟ್ಟುದನ್ನೂ, ಅವನು ಸೋಮೇಶ್ವರನಿಗೆ ತಲೆಯೊಪ್ಪಿಸಿದುದನ್ನೂ, ಹಾಳಾಗಿದ್ದ ಆ ಬಸದಿಗೆ ಮತ್ತೆ ಜೀರ್ಣೋದ್ಧಾರ ಒದಗಿದುದನ್ನೂ ದಾಖಲಿಸುತ್ತವೆ. ಬೆಳ್ವೊಲದ ಪ್ರಜೆಗೆ ‘ಕರ್ಣಾಟ ಲಕ್ಷ್ಮಿಯ ಸೂರೆ’ ಎಂಬುದು ಅಲಂಕಾರದ ಮಾತಾಗಿರಲಿಲ್ಲ, ಕಣ್ಣೆದುರಿನ ಬೂದಿಯಾಗಿತ್ತು.

ಉಮಾಪತಿಧರ ಆ ದುರ್ವೃತ್ತರ ಹೆಸರನ್ನು ಹೇಳುವುದಿಲ್ಲ. ಆದರೂ ಕಾಲ ಮತ್ತು ದಿಕ್ಕುಗಳನ್ನು ಗಮನಿಸಿದರೆ ಚೋಳರ ಮುತ್ತಿಗೆಯ ಹಿನ್ನೆಲೆಯೇ ಅತ್ಯಂತ ಸಂಭವನೀಯವಾಗಿ ತೋರುತ್ತದೆ. ಕವಿ ಸಾಮಂತಸೇನನನ್ನು ‘ಏಕಾಂಗ’ವೀರನೆಂದು ಹೊಗಳಿದರೂ ಅವನು ಯಾವ ನಾಡಿನ ಒಡೆಯ, ಯಾವ ಊರಿನ ಪ್ರಭು ಎಂಬುದನ್ನು ಸೂಚಿಸಿಲ್ಲ. ನಾಡನ್ನು ಕಾಯುವ ಯುದ್ಧದಲ್ಲಿ ಹೆಸರು ಮಾಡಿದ ಒಬ್ಬ ಭಟನ ವರ್ಣನೆಯಿದು. ಅಂಥ ಸಾವಿರಾರು ಭಟರ ಹೆಸರುಗಳು ಕನ್ನಡನಾಡಿನ ವೀರಗಲ್ಲುಗಳಲ್ಲಿವೆ. ಒಡೆಯನ ಅನ್ನದ ಋಣ ತೀರಿಸುವ ‘ಜೋಳದ ಪಾಳಿ’, ಅವನಿಗಾಗಿ ಪ್ರಾಣ ಕೊಡುವ ‘ವೇಳೆವಾಳಿ’ ಆ ಕಲ್ಲುಗಳ ಪರಿಭಾಷೆ. ಬಿದ್ದವನಿಗೆ ಊರಮುಂದೆ ಕಲ್ಲು ನಿಂತಿತು. ಬದುಕಿ ಉಳಿದು ದೂರದ ನಾಡಿಗೆ ಹೋದವನಿಗೆ ತವರಿನಲ್ಲಿ ಕಲ್ಲು ನಿಲ್ಲಲಿಲ್ಲ. ಸಾಮಂತಸೇನನ ಕಲ್ಲು ಎರಡು ತಲೆಮಾರಿನ ಬಳಿಕ ವರೇಂದ್ರಿಯಲ್ಲಿ, ಸಂಸ್ಕೃತದಲ್ಲಿ ನಿಂತಿತು.

‘ಬ್ರಹ್ಮಕ್ಷತ್ರಿಯ’ ಎಂಬ ಪದವೂ ಇಲ್ಲಿ ವಿಚಾರಾರ್ಹ. ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಕ್ಷಾತ್ರವೃತ್ತಿಯನ್ನು ಕೈಕೊಂಡವರಿಗೆ ಸಲ್ಲುವ ಹೆಸರು ಇದೆಂದು ದೇ. ರಾ. ಭಂಡಾರಕರ್ ವಿವರಿಸಿದ್ದಾರೆ. ಬಂಗಾಳದ ವಿದ್ವಾಂಸರಿಗೆ ಇದು ಅಪರೂಪವಾಗಿ ಕಂಡಿರಬಹುದು. ಕನ್ನಡ ಓದುಗರಿಗೆ ಹೊಸದಲ್ಲ. 978ರಲ್ಲಿ ತನ್ನ ಪುರಾಣವನ್ನು ಮುಗಿಸಿದ ಚಾವುಂಡರಾಯ ಬ್ರಹ್ಮಕ್ಷತ್ರ ವಂಶದವನು. ಶ್ರವಣಬೆಳಗೊಳದ ತ್ಯಾಗದ ಬ್ರಹ್ಮದೇವರ ಕಂಬದ ಶಾಸನ ಅವನನ್ನು ಬ್ರಹ್ಮಕ್ಷತ್ರ ಕುಲವೆಂಬ ಉದಯಪರ್ವತದಲ್ಲಿ ಮೂಡಿದ ಸೂರ್ಯನೆಂಬಂತೆ ಕೀರ್ತಿಸುತ್ತದೆ. ಸಾಮಂತಸೇನನಿಗಿಂತ ಮುಕ್ಕಾಲು ಶತಮಾನದಷ್ಟು ಮೊದಲೇ ಕನ್ನಡನಾಡಿನ ದಂಡನಾಯಕನೊಬ್ಬ ಹೆಮ್ಮೆಯಿಂದ ಧರಿಸಿದ್ದ ಕುಲನಾಮ ಇದು. ಸೇನರು ಬಂಗಾಳಕ್ಕೆ ಹೊತ್ತೊಯ್ದ ಸಾಮಗ್ರಿಯಲ್ಲಿ ಈ ಪದವೂ ಇದ್ದಿತೆಂದು ಭಾವಿಸಲು ಅವಕಾಶವಿದೆ. ಇದರಿಂದ ಚಾವುಂಡರಾಯನಿಗೂ ಸೇನರಿಗೂ ರಕ್ತಸಂಬಂಧ ಸಿದ್ಧವಾಗುವುದಿಲ್ಲ. ಒಂದೇ ಸಾಮಾಜಿಕ ಪರಿಸರದ ಗುರುತು ಮಾತ್ರ ಸಿಗುತ್ತದೆ.

ಇದಕ್ಕಿಂತ ಆಕರ್ಷಕವಾದ ಇನ್ನೊಂದು ಊಹೆಯಿದೆ. ಅದು ಜೈನ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದ್ದು. ಸೇನ ಎಂದು ಕೊನೆಗೊಳ್ಳುವ ಹೆಸರಿನ ಜೈನಾಚಾರ್ಯರ ಪರಂಪರೆ ಧಾರವಾಡ ಸೀಮೆಯಲ್ಲಿ ಪ್ರಬಲವಾಗಿತ್ತು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ, ಶಕ 824ರ (902-03) ಮುಳಗುಂದದ ಶಾಸನದಲ್ಲಿ ಸೇನಾನ್ವಯದ ಕುಮಾರಸೇನ, ಅವನ ಶಿಷ್ಯ ವೀರಸೇನ, ವೀರಸೇನನ ಶಿಷ್ಯ ಕನಕಸೇನರ ಹೆಸರುಗಳಿವೆ. ಅದೇ ಮುಳಗುಂದದಲ್ಲಿ 1047ರಲ್ಲಿ ಮಲ್ಲಿಷೇಣ ತನ್ನ ಸಂಸ್ಕೃತ ‘ಮಹಾಪುರಾಣ’ವನ್ನೂ, 1112ರಲ್ಲಿ ನರೇಂದ್ರಸೇನರ ಶಿಷ್ಯ ನಯಸೇನ ಕನ್ನಡ ‘ಧರ್ಮಾಮೃತ’ವನ್ನೂ ರಚಿಸಿದರು. ದೇವಪಾಡಾ ಪ್ರಶಸ್ತಿಯಲ್ಲಿಯೂ ಮೂಲಪುರುಷನ ಹೆಸರು ವೀರಸೇನ. ಅಲ್ಲಿಯೂ ವಂಶಕ್ಕೆ ಸೇನಾನ್ವಯವೆಂಬ ನಿರ್ದೇಶ. ಬಂಗಾಳದ ಚರಿತ್ರೆಯನ್ನು ಬರೆದ ರಮೇಶಚಂದ್ರ ಮಜುಂದಾರರು ಈ ಸಾಮ್ಯವನ್ನು ಗಮನಿಸಿ, ಎರಡಕ್ಕೂ ನಂಟಿರಬಹುದೇ ಎಂಬ ಪ್ರಶ್ನೆಯನ್ನು ಎತ್ತಿದ್ದಾರೆ.

ಈ ಊಹೆ ಮನಸ್ಸಿಗೆ ಹಿತವಾಗಿದ್ದರೂ ಅದನ್ನು ಒಪ್ಪುವುದು ಕಷ್ಟ. ಜೈನ ಸಂಘದಲ್ಲಿ ಅನ್ವಯವೆಂದರೆ ಗುರುಶಿಷ್ಯ ಸಂತತಿ. ಪ್ರಶಸ್ತಿಕಾವ್ಯದಲ್ಲಿ ಅನ್ವಯವೆಂದರೆ ರಕ್ತಸಂತತಿ. ಮುನಿಗೆ ಶಿಷ್ಯರಿರುತ್ತಾರೆ, ಮೊಮ್ಮಕ್ಕಳಿರುವುದಿಲ್ಲ. ಸೇನಾಂತ ನಾಮ ದೀಕ್ಷೆಯ ಸಮಯದಲ್ಲಿ ಗಣದ ಕಟ್ಟಳೆಯಂತೆ ಬರುವ ಹೆಸರು. ಅದು ತಂದೆಯಿಂದ ಮಗನಿಗೆ ಇಳಿದು ಬರುವ ಮನೆತನದ ಹೆಸರಲ್ಲ. ಸೇನ ಅರಸರ ಶಾಸನಗಳ ಧಾರ್ಮಿಕ ವಾತಾವರಣವೂ ಬೇರೆ. ದೇವಪಾಡಾದಲ್ಲಿ ಆರಂಭದ ಸ್ತುತಿ ಶಿವನಿಗೆ ಸಲ್ಲುತ್ತದೆ. ಪ್ರದ್ಯುಮ್ನೇಶ್ವರ ಹರಿಹರರ ಏಕರೂಪ. ವಿಜಯಸೇನ ಬಲ್ಲಾಳಸೇನರು ಪರಮಮಾಹೇಶ್ವರರು, ಲಕ್ಷ್ಮಣಸೇನ ಪರಮವೈಷ್ಣವ. ಹೆಸರಿನ ಹೋಲಿಕೆಯೊಂದನ್ನೇ ಆಧಾರವಾಗಿಟ್ಟುಕೊಂಡು ಈ ಮನೆತನವನ್ನು ಮುಳಗುಂದದ ಜಿನಾಲಯದ ಅಂಗಳಕ್ಕೆ ಕರೆತಂದರೆ, ಎರಡು ಪರಂಪರೆಗಳ ಸ್ವರೂಪವನ್ನೂ ಮರೆತಂತಾಗುತ್ತದೆ.

ಇನ್ನು ಪಯಣದ ಪ್ರಶ್ನೆ. ಕರ್ಣಾಟದ ಭಟ ಬಂಗಾಳಕ್ಕೆ ಹೋಗಲು ಇದ್ದ ದಾರಿಗಳು ಯಾವುವು? ವಿದ್ವಾಂಸರು ಎರಡು ಮುಖ್ಯ ದಾರಿಗಳನ್ನು ತೋರಿಸಿದ್ದಾರೆ. ಒಂದು, ಚಾಲುಕ್ಯರ ದಂಡಯಾತ್ರೆ. ಆರನೆಯ ವಿಕ್ರಮಾದಿತ್ಯ ತಂದೆ ಸೋಮೇಶ್ವರನ ಕಾಲದಲ್ಲಿಯೇ, ಇನ್ನೂ ರಾಜಕುಮಾರನಾಗಿದ್ದಾಗ, ಗೌಡ ಮತ್ತು ಕಾಮರೂಪಗಳವರೆಗೆ ದಂಡೆತ್ತಿ ಹೋದನೆಂದು ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ಹೇಳಿದ್ದಾನೆ. ಆಸ್ಥಾನಕವಿಯ ಮಾತಿನಲ್ಲಿ ಉತ್ಪ್ರೇಕ್ಷೆ ಎಷ್ಟಿದ್ದರೂ 1068ಕ್ಕೆ ಮುಂಚೆ ಚಾಲುಕ್ಯ ಸೇನೆ ಪೂರ್ವದಿಕ್ಕಿಗೆ ಚಲಿಸಿದ್ದಿತೆಂಬುದನ್ನು ತಳ್ಳಿಹಾಕುವಂತಿಲ್ಲ. ದಂಡು ಮರಳಿದಾಗ ಎಲ್ಲರೂ ಮರಳುವುದಿಲ್ಲ. ಠಾಣ್ಯ ಕಾಯಲು ಉಳಿದವರು, ಹೊಸ ಒಡೆಯನನ್ನು ಹುಡುಕಿಕೊಂಡವರು, ಗಾಯಗೊಂಡು ನಿಂತವರು ಅಲ್ಲಿಯೇ ಬೇರು ಬಿಡುತ್ತಾರೆ.

ಇನ್ನೊಂದು ದಾರಿ ಇದಕ್ಕಿಂತ ಹಳೆಯದು, ಕಡಿಮೆ ವೈಭವದ್ದು. ಪಾಲ ಅರಸರು ಭೂಮಿಯನ್ನು ದಾನ ಮಾಡುವಾಗ ತಮ್ಮ ತಾಮ್ರಪಟಗಳಲ್ಲಿ ಅಧಿಕಾರಿಗಳನ್ನೂ ಸೇವಕರನ್ನೂ ಸಂಬೋಧಿಸುತ್ತಾರೆ. 9ನೆಯ ಶತಮಾನದ ದೇವಪಾಲನ ಮುಂಗೇರ್ ತಾಮ್ರಪಟದಿಂದ ಮೊದಲುಗೊಂಡು ಆ ಪಟ್ಟಿಯಲ್ಲಿ ಗೌಡ, ಮಾಲವ, ಖಶ, ಹೂಣ, ಕುಲಿಕ, ಕರ್ಣಾಟ, ಲಾಟ ಎಂಬ ಹೆಸರುಗಳು ಚಾಟಭಟರ ಜತೆಯಲ್ಲಿ ಬರುತ್ತವೆ. ಸಂಬಳಕ್ಕೆ ದುಡಿಯುವ ಹೊರನಾಡ ಪಡೆಗಳ ಪಟ್ಟಿಯಿದು. ಅಲ್ಲಿ ಕರ್ಣಾಟರು ಮಾಂಡಲಿಕರ ಸಾಲಿನಲ್ಲಿ ಕಾಣಿಸಿಕೊಂಡಿಲ್ಲ, ಸೇವಕರ ಸಾಲಿನಲ್ಲಿ ಕಾಣಿಸಿಕೊಂಡಿದ್ದಾರೆ. ಪಾಲ ಧರ್ಮಪಾಲನ ರಾಣಿ ರಣ್ಣಾದೇವಿ ರಾಷ್ಟ್ರಕೂಟ ಕುಲದ ಪರಬಲನ ಮಗಳು. ಅರಮನೆಗಳ ನಡುವೆ ಹೀಗೆ ಸಂಬಂಧಗಳಿದ್ದಂತೆ ಪಾಳೆಯಗಳ ನಡುವೆಯೂ ಆಳುಗಳ ಹರಿದಾಟವಿತ್ತು. ಮೊದಲ ತಲೆಮಾರಿನ ಸೇನರು ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದಿದ್ದರೂ, ಹೋದದ್ದು ಶಸ್ತ್ರಜೀವಿಗಳಾಗಿ.

ಇಲ್ಲಿ ಎರಡು ಶಾಸನಗಳ ನಡುವಿನ ಭಿನ್ನತೆಯನ್ನು ಎದುರಿಸಬೇಕು. ದೇವಪಾಡಾ ಪ್ರಶಸ್ತಿಯಂತೆ ಸಾಮಂತಸೇನ ಕರ್ಣಾಟದಲ್ಲಿ ಹೋರಾಡಿ ಮುಪ್ಪಿನಲ್ಲಿ ಗಂಗಾತೀರಕ್ಕೆ ಬಂದವನು. ಬಲ್ಲಾಳಸೇನನ ನೈಹಾಟಿ ತಾಮ್ರಪಟದಂತೆ ಚಂದ್ರವಂಶದ ರಾಜಪುತ್ರರು ರಾಢ ದೇಶವನ್ನು ಅಲಂಕರಿಸಿದ್ದರು; ಅನಂತರ ಅವರ ಕುಲದಲ್ಲಿ ಸಾಮಂತಸೇನ ಹುಟ್ಟಿದ. ಅಂದರೆ ಅವನಿಗಿಂತ ಮೊದಲೇ ಮನೆತನ ರಾಢದಲ್ಲಿ ನೆಲೆಸಿತ್ತು. ಒಂದನ್ನು ನಿಜವೆಂದು ಹಿಡಿದು ಇನ್ನೊಂದನ್ನು ಸುಳ್ಳೆಂದು ಬಿಡಬೇಕಾಗಿಲ್ಲ. ಮೊದಲೇ ರಾಢದಲ್ಲಿ ಕಾಲೂರಿದ್ದ ಕುಟುಂಬದ ಹರೆಯದವನೊಬ್ಬ ತವರುನಾಡಿನ ಯುದ್ಧಕ್ಕೆ ಮರಳಿ, ಹೆಸರು ಗಳಿಸಿ, ಮತ್ತೆ ಪೂರ್ವಕ್ಕೆ ಬಂದಿರುವುದು ಸಾಧ್ಯವೆಂದು ಮಜುಂದಾರರು ಎರಡನ್ನೂ ಹೊಂದಿಸಿದ್ದಾರೆ. ಎರಡು ಶಾಸನಗಳ ಉದ್ದೇಶದ ಭಿನ್ನತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರೇಂದ್ರಿಯಲ್ಲಿ ದೇವಾಲಯ ಕಟ್ಟಿದ ವಿಜಯಸೇನನಿಗೆ ಅಜ್ಜನ ತೆಂಕಣದ ಪರಾಕ್ರಮ ಬೇಕಾಗಿತ್ತು. ಉತ್ತರ ರಾಢದ ಗ್ರಾಮವೊಂದನ್ನು ದಾನ ಕೊಡುತ್ತಿದ್ದ ಬಲ್ಲಾಳಸೇನನಿಗೆ ಆ ನೆಲದ ಮೇಲಿನ ಕುಲದ ಹಳೆಯ ನಂಟು ಬೇಕಾಗಿತ್ತು. ಒಬ್ಬನೇ ಪೂರ್ವಿಕ ಮೊಮ್ಮಗನಿಗೆ ಬಂದವನಾಗಿಯೂ ಮರಿಮಗನಿಗೆ ಇದ್ದವನಾಗಿಯೂ ಕಂಡಿದ್ದಾನೆ.

ರಾಢ ಎಂಥ ನಾಡು? ಗಂಗೆಯ ಕವಲಾದ ಭಾಗೀರಥಿಯ ಪಶ್ಚಿಮಕ್ಕೆ ಹಬ್ಬಿದ ಈ ಪ್ರದೇಶದ ಒಂದು ಅಂಚು ಫಲವತ್ತಾದ ಮೆಕ್ಕಲು, ಇನ್ನೊಂದು ಅಂಚು ಕೆಂಪುಮಣ್ಣಿನ ದಿಣ್ಣೆ ಮತ್ತು ಕಾಡು. ಜೈನ ಆಗಮದ ಓದುಗರಿಗೆ ಇದು ಲಾಢವೆಂಬ ಹೆಸರಿನಿಂದ ಪರಿಚಿತ. ವರ್ಧಮಾನ ಮಹಾವೀರರು ಛದ್ಮಸ್ಥ ಕಾಲದಲ್ಲಿ ವಜ್ಜಭೂಮಿ ಮತ್ತು ಸುಬ್ಭಭೂಮಿಗಳೆಂಬ ಲಾಢದ ಭಾಗಗಳಲ್ಲಿ ವಿಹರಿಸಿದಾಗ ಅಲ್ಲಿನ ಜನ ನಾಯಿಗಳನ್ನು ಛೂ ಬಿಟ್ಟುದನ್ನೂ, ಹೊಡೆದು ಹಿಂಸಿಸಿದುದನ್ನೂ, ಅವರು ಅದನ್ನು ಸಹಿಸಿದುದನ್ನೂ ‘ಆಚಾರಾಂಗಸೂತ್ರ’ ವರ್ಣಿಸುತ್ತದೆ. ಹೊರಗಿನಿಂದ ಬಂದವರಿಗೆ ಸುಲಭವಾಗಿ ಎಡೆ ಕೊಡದ ಗಡಿನಾಡೆಂಬ ಚಿತ್ರ ಅಷ್ಟು ಹಿಂದೆಯೇ ಮೂಡಿದೆ.

11ನೆಯ ಶತಮಾನದ ಹೊತ್ತಿಗೆ ರಾಢ ಬರಿಯ ಕಾಡಾಗಿ ಉಳಿದಿರಲಿಲ್ಲ. ರಾಜೇಂದ್ರ ಚೋಳನ ಗಂಗಾ ದಂಡಯಾತ್ರೆಯನ್ನು ಹೇಳುವ ತಿರುಮಲೈ ಶಾಸನ ದಕ್ಷಿಣ ರಾಢದ ಒಡೆಯ ರಣಶೂರನನ್ನು ಹೆಸರಿಸುತ್ತದೆ. ಉತ್ತರ ರಾಢವನ್ನು ಬೇರೆಯಾಗಿ ಎಣಿಸುತ್ತದೆ. ಈ ಶಾಸನ ಇರುವುದು ಪೋಳೂರಿನ ಸಮೀಪದ ಜೈನ ಬೆಟ್ಟದ ಮೇಲೆ. ಹೀಗೆ ಶೂರ ಮನೆತನ ಸೇನರಿಗಿಂತ ಮೊದಲು ಆ ನೆಲದಲ್ಲಿ ಬೇರುಬಿಟ್ಟಿತ್ತು. ಸಂಧ್ಯಾಕರನಂದಿಯ ‘ರಾಮಚರಿತ’ ಪಾಲ ರಾಮಪಾಲನಿಗೆ ನೆರವಾದ ಸಾಮಂತರನ್ನು ಪಟ್ಟಿ ಮಾಡುವಾಗ ಲಕ್ಷ್ಮೀಶೂರನೆಂಬವನನ್ನು ಅಡವಿಯ ಸಾಮಂತರೆಲ್ಲರ ಶಿರೋಮಣಿಯೆಂದು ಕರೆಯುತ್ತದೆ. ಅಡವಿಗೂ ಸಾಮಂತರಿದ್ದರು, ಅಡವಿಯಲ್ಲಿಯೂ ಅಧಿಕಾರದ ಮೆಟ್ಟಿಲುಗಳಿದ್ದವು. ಸಾಮಂತಸೇನನ ಕುಲ ನೆಲೆಸಿದ್ದು ಬರಿದಾದ ನೆಲದಲ್ಲಲ್ಲ. ಉಳುವವರು, ಕಾಡಿನವರು, ಹಳೆಯ ಪ್ರಭುಗಳು ಎಲ್ಲರೂ ಇದ್ದ ನೆಲದಲ್ಲಿ.

ಸಮಯವೂ ಒದಗಿಬಂದಿತು. 11ನೆಯ ಶತಮಾನದ ಉತ್ತರಾರ್ಧದಲ್ಲಿ ವರೇಂದ್ರಿಯಲ್ಲಿ ಕೈವರ್ತ ನಾಯಕ ದಿವ್ಯನ ಮುಂದಾಳುತನದಲ್ಲಿ ಬಂಡಾಯವೆದ್ದಿತು. ಇಮ್ಮಡಿ ಮಹೀಪಾಲ ಅದರಲ್ಲಿ ಹತನಾದ. ಪಾಲರು ತಮ್ಮ ತಾಯ್ನೆಲವನ್ನೇ ಕಳೆದುಕೊಂಡರು. ಅವನ ತಮ್ಮ ರಾಮಪಾಲ ಅದನ್ನು ಮರಳಿ ಪಡೆಯಲು ಸಾಮಂತರ ಬಾಗಿಲಿಗೆ ಹೋಗಬೇಕಾಯಿತು. ಹಣವನ್ನೂ ಭೂಮಿಯನ್ನೂ ಉದಾರವಾಗಿ ಕೊಟ್ಟು ಅವರ ಸೈನ್ಯವನ್ನು ಪಡೆದನೆಂದು ‘ರಾಮಚರಿತ’ ಹೇಳುತ್ತದೆ. ಅರಸನೇ ಆಳುಗಳಿಗೆ ಋಣಿಯಾದ ಇಂಥ ಕಾಲದಲ್ಲಿ ಗಡಿನಾಡಿನ ಸೈನಿಕ ಮನೆತನಗಳು ಭೂಮಿಯ ಒಡೆತನಕ್ಕೆ ಏರುವುದು ಸಹಜ. ಆ ಪಟ್ಟಿಯಲ್ಲಿ ಬರುವ ನಿದ್ರಾವಳಿಯ ವಿಜಯರಾಜನೇ ಸಾಮಂತಸೇನನ ಮೊಮ್ಮಗ ವಿಜಯಸೇನನೆಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಆ ಗುರುತು ಸರಿಯಾದರೆ ಮೂರನೆಯ ತಲೆಮಾರಿನವರೆಗೂ ಸೇನರು ಪಾಲರ ಸಾಮಂತರೇ.

ಬಿರುದುಗಳ ಏರಿಕೆ ಈ ಕ್ರಮವನ್ನು ಸ್ಪಷ್ಟಪಡಿಸುತ್ತದೆ. ಸಾಮಂತಸೇನನಿಗೆ ಶಾಸನಗಳಲ್ಲಿ ಎಲ್ಲಿಯೂ ರಾಜಪದವಿಯ ಬಿರುದಿಲ್ಲ. ಅವನ ಮಗ ಹೇಮಂತಸೇನನಿಗೆ ಮಹಾರಾಜಾಧಿರಾಜನೆಂಬ ಬಿರುದು ದೊರೆಯುವುದು ವಿಜಯಸೇನನ ಬ್ಯಾರಕ್‌ಪುರ ತಾಮ್ರಪಟದಲ್ಲಿ. ಅದು ಮಗ ಏರಿದ ಎತ್ತರದಿಂದ ತಂದೆಗೆ ಸಂದ ಗೌರವ. ನಿಜವಾದ ಸಾರ್ವಭೌಮ ಅಧಿಕಾರ ವಿಜಯಸೇನನದು. ಅವನ ಪಟ್ಟದರಸಿ ವಿಲಾಸದೇವಿ ಶೂರ ಕುಲದವಳು. ರಾಢದ ಹಳೆಯ ಮನೆತನದ ಹೆಣ್ಣು ಕರ್ಣಾಟ ಮೂಲದ ಮನೆಗೆ ಸೊಸೆಯಾಗಿ ಬಂದುದು ಆ ಕುಲ ನೆಲೆಯೂರಿದುದಕ್ಕೆ ಯುದ್ಧವಿಜಯಕ್ಕಿಂತ ಬಲವಾದ ಸಾಕ್ಷಿ. ಆಳು ಒಡೆಯನಾಗಲು ಕತ್ತಿ ಸಾಕು. ಬಂದವನು ಊರವನಾಗಲು ಬೀಗತನ ಬೇಕು.

ದೇವಪಾಡಾ ಪ್ರಶಸ್ತಿಯ ಮುಂದಿನ ಪದ್ಯಗಳಲ್ಲಿಯೂ ನೆಲೆಯೂರಿದ ಬದುಕಿನ ಗುರುತುಗಳಿವೆ. ತೆಂಕಣದ ನೆಲದ ಮೇಲೆ ಹೋರಾಡಿದವನ ಮೊಮ್ಮಗ ಗಂಗೆಯ ನೀರಿನಲ್ಲಿ ದೋಣಿಗಳ ಪಡೆಯನ್ನು ಪಶ್ಚಿಮಕ್ಕೆ ನಡೆಸುತ್ತಾನೆ. ಆ ಪಡೆಯ ಒಂದು ದೋಣಿ ಶಿವನ ಜಟೆಯ ಗಂಗೆಯಲ್ಲಿ, ಬೂದಿಯ ಕೆಸರಿಗೆ ಸಿಕ್ಕಿ ಚಂದ್ರಕಲೆಯಂತೆ ಹೊಳೆಯಿತೆಂದು ಕವಿಯ ಕಲ್ಪನೆ. ಎರಡು ತಲೆಮಾರಿನಲ್ಲಿ ಮನೆತನ ಹೊಸ ನಾಡಿನ ಯುದ್ಧವಿದ್ಯೆಯನ್ನು ಕಲಿತಿತ್ತು. ಇನ್ನೊಂದು ಪದ್ಯದಲ್ಲಿ ಅರಸನ ದಾನದಿಂದ ಒಮ್ಮೆಗೇ ಶ್ರೀಮಂತರಾದ ಶ್ರೋತ್ರಿಯರ ಹೆಂಡಿರು ಮುತ್ತು, ಪಚ್ಚೆ, ಬೆಳ್ಳಿ, ಚಿನ್ನಗಳನ್ನು ಗುರುತಿಸಲು ತಿಳಿಯದೆ ಹೋಗುತ್ತಾರೆ. ಪಟ್ಟಣದ ಹೆಂಗಸರು ಅವರಿಗೆ ಹತ್ತಿಯ ಬೀಜ, ಸೊಪ್ಪಿನ ಎಲೆ, ಸೋರೆಯ ಹೂವು, ಕುಂಬಳದ ಹೂವುಗಳ ಹೋಲಿಕೆಯಿಂದ ಕಲಿಸಿಕೊಡುತ್ತಾರೆ. ಅರಸನ ಔದಾರ್ಯವನ್ನು ಹೊಗಳಲು ಹೊರಟ ಕವಿ ತಿಳಿಯದೆಯೇ ಆ ಕಾಲದ ಹಳ್ಳಿಯ ಹಿತ್ತಿಲನ್ನು ಚಿತ್ರಿಸಿಬಿಟ್ಟಿದ್ದಾನೆ.

ವಿಜಯಸೇನ ಗೆದ್ದವರ ಪಟ್ಟಿಯಲ್ಲಿ ನಾನ್ಯನೆಂಬವನಿದ್ದಾನೆ. ಇವನು ಮಿಥಿಲೆಯ ನಾನ್ಯದೇವ. ಇವನೂ ಕರ್ಣಾಟ ಕುಲದವನೇ. 1097ರಲ್ಲಿ ಸಿಮ್ರೌನ್‌ಗಢದಲ್ಲಿ ರಾಜ್ಯ ಸ್ಥಾಪಿಸಿದ ಈತ ಭರತನ ನಾಟ್ಯಶಾಸ್ತ್ರಕ್ಕೆ ಸಂಬಂಧಿಸಿದ ‘ಭರತಭಾಷ್ಯ’ದ ಕರ್ತೃ. ಅವನ ವಂಶದ ಹರಿಸಿಂಹದೇವ 1324ರ ಸುಮಾರಿನಲ್ಲಿ ಘಿಯಾಸುದ್ದೀನ್ ತುಘಲಕ್‌ನ ದಾಳಿಗೆ ಸಿಕ್ಕಿ ನೇಪಾಳದ ಕಡೆಗೆ ಸರಿಯುವವರೆಗೆ ಮಿಥಿಲೆಯಲ್ಲಿ ಕರ್ಣಾಟರ ಆಳ್ವಿಕೆ ನಡೆಯಿತು. ಒಂದೇ ನಾಡಿನಿಂದ ಹೊರಟ ಎರಡು ಮನೆತನಗಳು ಗಂಗೆಯ ಎರಡು ಬದಿಗಳಲ್ಲಿ ಎದುರಾಳಿಗಳಾಗಿ ನಿಂತವು. ಉಮಾಪತಿಧರ ಈ ವಿಜಯವನ್ನು ಶ್ಲೇಷೆಯ ಆಟವಾಗಿಸಿದ್ದಾನೆ. ‘ನಾನ್ಯವೀರ ವಿಜಯಿ’ ಎಂಬ ಕವಿಗಳ ಹೊಗಳಿಕೆ ‘ಬೇರೆ ವೀರರನ್ನು ಗೆಲ್ಲದವನು’ ಎಂದೂ ಅರ್ಥ ಕೊಡುವುದರಿಂದ ಅರಸ ಸಿಟ್ಟಾಗಿ ಗೌಡ, ಕಾಮರೂಪ, ಕಳಿಂಗಗಳ ಮೇಲೆ ಏರಿಹೋದನಂತೆ. ಸಮಾನ ಮೂಲದ ಸುಳಿವನ್ನು ಕವಿ ಎಲ್ಲಿಯೂ ಕೊಡುವುದಿಲ್ಲ. ಕರ್ಣಾಟತ್ವ ಕುಲದ ಹೆಮ್ಮೆಯಾಗಿತ್ತೇ ಹೊರತು ಅದು ರಾಜಕೀಯದ ಒಗ್ಗಟ್ಟಾಗಿರಲಿಲ್ಲ. ‘ಬಂಗಾಳವನ್ನಾಳಿದ ಕನ್ನಡಿಗರು’ ಎಂಬ ಇಂದಿನ ಮಾತಿಗೆ ಈ ಒಂದು ಪದ್ಯ ಸಾಕಷ್ಟು ತಿದ್ದುಪಡಿ ಒದಗಿಸುತ್ತದೆ.

ಹಾಗಾದರೆ ತವರಿನದು ಎಂದು ಉಳಿದುದು ಏನು? ಸೇನರ ಶಾಸನಗಳ ಭಾಷೆ ಸಂಸ್ಕೃತ, ಲಿಪಿ ಪೂರ್ವದೇಶದ್ದು. ಆದರೂ ಎಳೆಗಳು ಪೂರ್ಣ ಕಡಿದಿರಲಿಲ್ಲ. ಬಲ್ಲಾಳ ಎಂಬ ಹೆಸರು ಬಂಗಾಳದ ಮಣ್ಣಿನದಲ್ಲ. ಅದೇ ಕಾಲದಲ್ಲಿ ಹೊಯ್ಸಳರ ಮನೆಯಲ್ಲಿ ಅದು ಮತ್ತೆ ಮತ್ತೆ ಕೇಳಿಬರುತ್ತದೆ. ಆ ಬಲ್ಲಾಳಸೇನನ ರಾಣಿ ರಾಮದೇವಿ ಚಾಲುಕ್ಯ ರಾಜಕುಲದವಳೆಂದು ಲಕ್ಷ್ಮಣಸೇನನ ಮಾಧಾಯಿನಗರ ತಾಮ್ರಪಟ ತಿಳಿಸುತ್ತದೆ. ವಂಶದ ಹಿರಿಯ ಹೊರಟುಬಂದ ನಾಡಿನಿಂದ ಮರಿಮಗನಿಗೆ ಹೆಣ್ಣು ಬಂದಿತ್ತು. ಹೋಗುವಾಗ ಆಳಾಗಿದ್ದ ಕುಲಕ್ಕೆ ಈಗ ಅರಮನೆಯ ಸಂಬಂಧ ಕೂಡಿತ್ತು.

ಅದೇ ಮಾಧಾಯಿನಗರ ತಾಮ್ರಪಟದಲ್ಲಿ ಗಮನಿಸಬೇಕಾದ ಬದಲಾವಣೆಯೊಂದಿದೆ. ದೇವಪಾಡಾದಲ್ಲಿ ಬ್ರಹ್ಮಕ್ಷತ್ರಿಯ ಕುಲಗಳ ಶಿರೋಮಾಲೆಯಾಗಿದ್ದ ಸಾಮಂತಸೇನ ಇಲ್ಲಿ ಕರ್ಣಾಟ ಕ್ಷತ್ರಿಯರ ಶಿರೋಮಾಲೆಯಾಗಿದ್ದಾನೆ. ವಿಶೇಷಣ ಅದೇ, ಕುಲನಾಮ ಬೇರೆ. ಮೊಮ್ಮಗನ ಕಾಲದಲ್ಲಿ ಕರ್ಣಾಟವೆಂಬುದು ಅಜ್ಜ ಹೋರಾಡಿದ ಒಂದು ನಾಡಿನ ಹೆಸರು. ಐದನೆಯ ತಲೆಮಾರಿನ ಲಕ್ಷ್ಮಣಸೇನನ ಕಾಲದಲ್ಲಿ ಅದು ಕುಲದ ಹೆಸರೇ ಆಗಿಬಿಟ್ಟಿದೆ. ತವರನ್ನು ಕಂಡಿದ್ದವರು ಅದನ್ನು ಹೆಸರಾಗಿ ಧರಿಸಬೇಕಾಗಿರಲಿಲ್ಲ. ಕಾಣದವರಿಗೆ ಹೆಸರೊಂದೇ ಉಳಿದಿತ್ತು. ನೆಲೆ ಭದ್ರವಾದಷ್ಟೂ ಮೂಲದ ನೆನಪು ಗಟ್ಟಿಯಾಗುವ ಈ ಬಗೆ ವಲಸೆಯ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಬಹು ಮುಖ್ಯವಾದ ಸಾಕ್ಷ್ಯ.

ಮೊಮ್ಮಗನ ಕವಿ ಬಿಟ್ಟ ನಡುಭಾಗಕ್ಕೆ ಈಗ ಕಾರಣ ಕಾಣುತ್ತದೆ. ಸಂಬಳದ ಸೇವೆ, ಹೊಸ ಒಡೆಯನ ಊಳಿಗ, ಗಡಿಯ ಠಾಣ್ಯ, ಸ್ವಲ್ಪಸ್ವಲ್ಪವಾಗಿ ಸೇರಿದ ಭೂಮಿ, ಇವು ಪ್ರಶಸ್ತಿಕಾವ್ಯಕ್ಕೆ ಒಗ್ಗುವ ವಸ್ತುಗಳಲ್ಲ. ಅರಸನಾದ ಮೊಮ್ಮಗನಿ‌ಗೆ ಯಾರದೋ ಆಳಾಗಿದ್ದ ಅಜ್ಜ ಬೇಡ. ವೀರನಾದ ಅಜ್ಜ ಬೇಕು, ಋಷಿಸದೃಶನಾದ ಅಜ್ಜ ಬೇಕು. ಕವಿ ಇಬ್ಬರನ್ನೂ ಕೊಟ್ಟು ನಡುವಿನವನನ್ನು ಮರೆಸಿದ. ಆದರೆ ರಾಜ್ಯಕ್ಕೆ ಅಡಿಗಲ್ಲಾದದ್ದು ಆ ಮರೆಸಲ್ಪಟ್ಟ ನಡುವಿನವನ ಬದುಕು. ಸಾಮಂತಸೇನನನ್ನು ಬಂಗಾಳ ಗೆದ್ದ ಕನ್ನಡ ದೊರೆಯೆಂದು ಹಾಡುವುದರಿಂದಲೂ ಅದೇ ಮರೆವು ಮುಂದುವರಿಯುತ್ತದೆ. ಅವನು ದೊರೆಯಲ್ಲ. ಸುಟ್ಟ ನಾಡಿಗಾಗಿ ಹೋರಾಡಿದ ಭಟ, ಪರನಾಡಿನಲ್ಲಿ ಮಕ್ಕಳಿಗೆ ನೆಲೆ ಮಾಡಿಕೊಟ್ಟ ಮನೆಯ ಹಿರಿಯ. ಶಾಸನಗಳ ಸಾಕ್ಷ್ಯ ಇಷ್ಟನ್ನು ಹೇಳುತ್ತದೆ. ಇಷ್ಟು ಸಣ್ಣ ಸಂಗತಿಯಲ್ಲ.

ದೇವಪಾಡಾದ ಕಲ್ಲಿನ ಕೊನೆಯಲ್ಲಿ ಅದನ್ನು ಕಂಡರಿಸಿದವನ ಹೆಸರಿದೆ. ವರೇಂದ್ರಿಯ ಶಿಲ್ಪಿಗಳ ಗೋಷ್ಠಿಗೆ ಚೂಡಾಮಣಿಯಾದ ರಾಣಕ ಶೂಲಪಾಣಿ ಅವನು. ಅರಸನ ಅಜ್ಜನನ್ನು ಹೊಗಳುವ ಕಲ್ಲಿನ ಮೇಲೆಯೇ ಅವನು ತನ್ನ ತಂದೆ ಬೃಹಸ್ಪತಿ, ಅಜ್ಜ ಮನದಾಸ, ಮುತ್ತಜ್ಜ ಧರ್ಮ ಇವರ ಹೆಸರುಗಳನ್ನೂ ಸೇರಿಸಿದ್ದಾನೆ. ಅವರಿಗೆ ಚಂದ್ರವಂಶವಿಲ್ಲ, ಅಪ್ಸರೆಯರ ಹಾಡಿಲ್ಲ. ಕಸುಬು ಮಾಡಿದವರ ಬರಿಯ ಹೆಸರುಗಳಿವೆ.